ವಿಕ್ಟೋರಿಯಾ ಕಾಲದ ಪೊಲೀಸ್ ಪೂರ್ವಜ: ಸೇವಾದಾಖಲೆ ಮತ್ತು ಕುಟುಂಬ ಐತಿಹ್ಯ

1. ಪೀಠಿಕೆ

ಪೂರ್ವಜರನ್ನು ಕುರಿತು ಮನೆಗಳಲ್ಲಿ ಹೇಳಿಕೊಂಡು ಬರುವ ನಿರೂಪಣೆಗಳು ಐತಿಹ್ಯದ ಒಂದು ಮುಖ್ಯ ಪ್ರಭೇದ. ಗ್ರಾಮದೇವತೆಯ ಅಥವಾ ಸ್ಥಳೀಯ ವೀರನ ಐತಿಹ್ಯವು ಇಡೀ ಊರಿನ ಸ್ವತ್ತಾದರೆ, ಕುಟುಂಬ ಐತಿಹ್ಯವು ಒಂದು ಮನೆತನದೊಳಗೆ ಮಾತ್ರ ಮೂರು ನಾಲ್ಕು ತಲೆಮಾರುಗಳ ಕಾಲ ಹರಿದುಬರುತ್ತದೆ. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ಒಕ್ಕಲು ಮನೆಗಳ ವಂಶಾವಳಿಯನ್ನು ಹೇಳುವ ಪದ್ಧತಿ ಜಾನಪದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಅಲ್ಲಿ ಪೂರ್ವಜರ ಹೆಸರನ್ನು ಕಾಪಾಡುವ ಹೊಣೆಯನ್ನು ಒಂದು ಸಮುದಾಯವೇ ವಹಿಸಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ದುಡಿಯುವ ವರ್ಗಕ್ಕೆ ಅಂಥ ವಂಶಾವಳಿಕಾರರಿರಲಿಲ್ಲ. ಅವರ ಬದುಕಿನ ವಿವರಗಳು ಉಳಿದಿರುವುದು ಚರ್ಚಿನ ರಿಜಿಸ್ಟರುಗಳಲ್ಲಿ, 1837ರ ಜುಲೈಯಿಂದ ಆರಂಭವಾದ ಜನನ, ಮರಣ, ವಿವಾಹ ನೋಂದಣಿಯಲ್ಲಿ, ಹತ್ತು ವರ್ಷಗಳಿಗೊಮ್ಮೆ ನಡೆದ ಜನಗಣತಿಯಲ್ಲಿ ಮತ್ತು ಅವರು ಸರ್ಕಾರಿ ಸೇವೆಯಲ್ಲಿದ್ದರೆ ಆ ಸೇವೆಯ ದಾಖಲೆಗಳಲ್ಲಿ.

ಈ ಕಾರಣದಿಂದ ಪೊಲೀಸ್ ಪೇದೆಯಾಗಿದ್ದ ಪೂರ್ವಜನ ಶೋಧವು ಅಧ್ಯಯನಕಾರನಿಗೆ ಒಂದು ವಿಶೇಷ ಅವಕಾಶವನ್ನು ಒದಗಿಸುತ್ತದೆ. ಒಬ್ಬನೇ ಸಾಮಾನ್ಯ ಮನುಷ್ಯನನ್ನು ಕುರಿತು ಮನೆಯ ಮಾತು ಒಂದು ಕಡೆ, ಕಚೇರಿಯ ಬರಹ ಇನ್ನೊಂದು ಕಡೆ ದೊರೆಯುತ್ತವೆ. ಇವೆರಡೂ ಎದುರಾದಾಗ ಬರಹವನ್ನು ನ್ಯಾಯಾಧೀಶನ ಸ್ಥಾನದಲ್ಲಿಯೂ ಮಾತನ್ನು ಆರೋಪಿಯ ಸ್ಥಾನದಲ್ಲಿಯೂ ನಿಲ್ಲಿಸುವುದು ರೂಢಿ. ಈ ರೂಢಿಯನ್ನು ಪ್ರಶ್ನಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸೇವಾದಾಖಲೆಯೂ ಒಂದು ನಿರೂಪಣಾ ಪ್ರಕಾರವೇ ಆಗಿದ್ದು, ಅದಕ್ಕೂ ತನ್ನದೇ ಆದ ಸೂತ್ರಗಳು, ಉದ್ದೇಶಗಳು ಮತ್ತು ಮೌನಗಳು ಇವೆ ಎಂಬುದನ್ನು ಇಲ್ಲಿ ಉದಾಹರಣೆಗಳ ಮೂಲಕ ತೋರಿಸಲಾಗಿದೆ.

2. ಯಾವ ಪಡೆ?

ವಿಕ್ಟೋರಿಯಾ ಕಾಲದ ಬ್ರಿಟನ್ನಿನಲ್ಲಿ ಏಕೀಕೃತ ಪೊಲೀಸ್ ಪಡೆ ಇರಲಿಲ್ಲ. ಶೋಧದ ಮೊದಲ ಹೆಜ್ಜೆಯೇ ಪೂರ್ವಜನು ಸೇರಿದ್ದ ಪಡೆಯನ್ನು ಗುರುತಿಸುವುದು. ಗೃಹಮಂತ್ರಿ ರಾಬರ್ಟ್ ಪೀಲ್ ಅವರ ಕಾಯಿದೆಯಂತೆ ರೂಪುಗೊಂಡ ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಪಡೆ 1829ರ ಸೆಪ್ಟೆಂಬರ್ 29ರಂದು ಬೀದಿಗಿಳಿಯಿತು. ಚಾರ್ಲ್ಸ್ ರೋವನ್ ಮತ್ತು ರಿಚರ್ಡ್ ಮೇನ್ ಅದರ ಮೊದಲ ಕಮಿಷನರುಗಳು. ಲಂಡನ್ನಿನ ಹೃದಯಭಾಗವಾದ 'ಸಿಟಿ' ಪ್ರದೇಶ ಮಾತ್ರ ಇದಕ್ಕೆ ಒಳಪಡಲಿಲ್ಲ. 1839ರ ಕಾಯಿದೆಯಂತೆ ಅದಕ್ಕೆ ಪ್ರತ್ಯೇಕ ಪಡೆಯೇ ಇತ್ತು. ಪಟ್ಟಣಗಳಿಗೆ 1835ರ ಪುರಸಭಾ ಕಾಯಿದೆ, ಕೌಂಟಿಗಳಿಗೆ 1839ರ ಕಾಯಿದೆ ಪಡೆಗಳನ್ನು ಕಟ್ಟುವ ದಾರಿ ತೆರೆದವು. 1856ರ ಕಾಯಿದೆ ಅದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಾದ್ಯಂತ ಕಡ್ಡಾಯಗೊಳಿಸಿತು. ಐರ್ಲೆಂಡಿನಲ್ಲಿ ಅರೆಸೈನಿಕ ಸ್ವರೂಪದ ಕಾನ್‌ಸ್ಟ್ಯಾಬ್ಯುಲರಿ ಬೇರೆಯೇ ಇದ್ದು, 1867ರಲ್ಲಿ 'ರಾಯಲ್' ಎಂಬ ಬಿರುದು ಪಡೆದು 1922ರಲ್ಲಿ ವಿಸರ್ಜನೆಗೊಂಡಿತು.

ದಾಖಲೆಗಳು ಉಳಿದಿರುವ ಸ್ಥಳಗಳೂ ಇದೇ ವಿಭಜನೆಯನ್ನು ಅನುಸರಿಸುತ್ತವೆ. ಮೆಟ್ರೋಪಾಲಿಟನ್ ಮತ್ತು ಐರಿಷ್ ಪಡೆಗಳ ರಿಜಿಸ್ಟರುಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸಿಟಿ ಪಡೆಯ ದಾಖಲೆಗಳನ್ನು ಲಂಡನ್ ಮೆಟ್ರೋಪಾಲಿಟನ್ ಆರ್ಕೈವ್ಸ್ ಎಂದು ಹೆಸರಾಗಿದ್ದ, 2024ರಿಂದ ಲಂಡನ್ ಆರ್ಕೈವ್ಸ್ ಎನಿಸಿಕೊಂಡ ಸಂಸ್ಥೆಯಲ್ಲಿ ನೋಡಬೇಕು. ಕೌಂಟಿ ಮತ್ತು ಪಟ್ಟಣಗಳ ಪಡೆಗಳ ದಾಖಲೆಗಳು ಕೇಂದ್ರದಲ್ಲಿ ಸಂಗ್ರಹವಾಗಿಲ್ಲ. ಆಯಾ ಕೌಂಟಿಯ ದಾಖಲೆ ಕಚೇರಿಯಲ್ಲಿಯೋ ಪಡೆಯ ವಸ್ತುಸಂಗ್ರಹಾಲಯದಲ್ಲಿಯೋ ಹುಡುಕಬೇಕಾಗುತ್ತದೆ. "ನಮ್ಮ ಮುತ್ತಾತ ಲಂಡನ್ ಪೊಲೀಸಾಗಿದ್ದ" ಎಂಬ ಮನೆಯ ಮಾತಿನಲ್ಲಿ 'ಲಂಡನ್' ಎಂಬುದು ಕನಿಷ್ಠ ಎರಡು ಬೇರೆ ಬೇರೆ ಪಡೆಗಳನ್ನು ಸೂಚಿಸಬಲ್ಲದು. ಆದ್ದರಿಂದ ಒಂದು ಕಡೆ ಹೆಸರು ದೊರೆಯದಿದ್ದ ಮಾತ್ರಕ್ಕೆ ಐತಿಹ್ಯ ಸುಳ್ಳೆಂದು ತೀರ್ಮಾನಿಸಲಾಗದು.

3. ಮೆಟ್ರೋಪಾಲಿಟನ್ ಪಡೆಯ ದಾಖಲೆಗಳು

ಈ ಪಡೆಯ ಪ್ರತಿಯೊಬ್ಬ ಸದಸ್ಯನಿಗೂ ಸೇರುವಾಗ ಒಂದು ವಾರಂಟ್ ಸಂಖ್ಯೆಯನ್ನು ಕೊಡಲಾಗುತ್ತಿತ್ತು. ಸೇವೆಯುದ್ದಕ್ಕೂ ಅದು ಬದಲಾಗುತ್ತಿರಲಿಲ್ಲ. ಸಂಖ್ಯೆಗಳು ಕ್ರಮವಾಗಿ ಏರುತ್ತಿದ್ದುದರಿಂದ ಸಂಖ್ಯೆ ತಿಳಿದರೆ ಸೇರಿದ ಕಾಲವನ್ನು ಸ್ಥೂಲವಾಗಿ ಊಹಿಸಬಹುದು. ಪೇದೆಯ ಕೊರಳಪಟ್ಟಿಯ ಮೇಲೆ ಕಾಣುತ್ತಿದ್ದುದು ಇದಲ್ಲ. ಅಲ್ಲಿದ್ದುದು ವಿಭಾಗದ ಅಕ್ಷರ ಮತ್ತು ಆ ವಿಭಾಗದೊಳಗಿನ ಸಂಖ್ಯೆ. ವಿಭಾಗ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತಿತ್ತು. ಮನೆಯ ಗೋಡೆಯ ಮೇಲಿನ ಹಳೆಯ ಭಾವಚಿತ್ರದಲ್ಲಿ 'ಎಚ್' ಅಕ್ಷರ ಕಂಡರೆ ಅದು ವೈಟ್‌ಚಾಪೆಲ್ ವಿಭಾಗ. ಉಡುಪಿನಿಂದಲೂ ಕಾಲನಿರ್ಣಯ ಸಾಧ್ಯ. ಎತ್ತರದ ಟೋಪಿ ಮತ್ತು ಬಾಲದಂಗಿ ಇದ್ದರೆ ಚಿತ್ರವು 1860ರ ದಶಕದ ಮಧ್ಯಭಾಗಕ್ಕಿಂತ ಹಿಂದಿನದು, ಹೆಲ್ಮೆಟ್ ಇದ್ದರೆ ಅನಂತರದ್ದು. ಹೀಗೆ ಭೌತಿಕ ಸಂಸ್ಕೃತಿಯ ಅಧ್ಯಯನವು ದಾಖಲೆ ಶೋಧಕ್ಕೆ ನೆರವಾಗುತ್ತದೆ.

ಪತ್ರಾಗಾರದಲ್ಲಿ ಈ ಪಡೆಯ ಕಾಗದಪತ್ರಗಳು 'ಮೆಪೊ' ಎಂಬ ಸಂಕೇತದಡಿ ಇವೆ. ನಾಲ್ಕನೆಯ ಶ್ರೇಣಿಯಲ್ಲಿ ಸೇರಿದವರ ಮತ್ತು ಬಿಟ್ಟವರ ರಿಜಿಸ್ಟರುಗಳು, ಪ್ರಮಾಣವಚನದ ಲೆಡ್ಜರುಗಳು, ಸೇವೆಯಲ್ಲಿದ್ದಾಗ ಮೃತರಾದವರ ಪಟ್ಟಿ ಮತ್ತು 1889ರಿಂದ 1909ರವರೆಗಿನ ಸೇವಾ ಪ್ರಮಾಣಪತ್ರಗಳು ಸೇರಿವೆ. ಈ ಪ್ರಮಾಣಪತ್ರಗಳಲ್ಲಿ ಹಿಂದಿನ ಕಸುಬು, ವೈವಾಹಿಕ ಸ್ಥಿತಿ, ಮಕ್ಕಳ ಸಂಖ್ಯೆ, ಬಡ್ತಿ, ಹಿಂಬಡ್ತಿ, ಸೇವೆಯಿಂದ ತೆಗೆದ ಕಾರಣ ಇವೆಲ್ಲ ದೊರೆಯುವುದರಿಂದ ಅವು ಅತ್ಯಂತ ಬೆಲೆಯುಳ್ಳವು. ಏಳನೆಯ ಶ್ರೇಣಿಯು ಕಮಿಷನರ ದೈನಂದಿನ ಆದೇಶಗಳದು. ನೇಮಕ, ವರ್ಗಾವಣೆ, ವಜಾ ಇವು ಅಲ್ಲಿ ದಿನಾಂಕದ ಕ್ರಮದಲ್ಲಿ ದಾಖಲಾಗಿವೆ. ಇಪ್ಪತ್ತೊಂದನೆಯ ಶ್ರೇಣಿಯಲ್ಲಿ 1852ರಿಂದ 1932ರವರೆಗಿನ ಪಿಂಚಣಿ ದಾಖಲೆಗಳಿವೆ.

ಈ ಮೂರರ ಹೊರಗೆ ಇನ್ನೊಂದು ಆಕರವಿದೆ. ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದ ವಿಚಾರಣೆಗಳ ಮುದ್ರಿತ ವರದಿಗಳು 1674ರಿಂದ 1913ರವರೆಗೆ ದೊರೆಯುತ್ತವೆ, ಅವುಗಳಲ್ಲಿ ಪದಗಳ ಮೂಲಕ ಹುಡುಕುವುದಕ್ಕೂ ಈಗ ಸಾಧ್ಯವಿದೆ. ಸಾಕ್ಷಿ ನುಡಿದ ಪೇದೆಯ ಹೆಸರಿನ ಜೊತೆಗೆ ಅವನ ವಿಭಾಗ ಹಾಗೂ ಸಂಖ್ಯೆಯನ್ನು ಅಲ್ಲಿ ನಮೂದಿಸಿರುವುದುಂಟು. ಲಿಪಿಕಾರನ ಕೈದಾಟಿದ ಮಾತಾದರೂ, ಉಳಿದೆಲ್ಲ ದಾಖಲೆಗಳು ಪೇದೆಯ ಬಗ್ಗೆ ಮಾತನಾಡುವಾಗ ಇಲ್ಲಿ ಪೇದೆಯೇ ಮಾತನಾಡುತ್ತಾನೆ. ಮೌಖಿಕ ಪರಂಪರೆಯ ಅಧ್ಯಯನಕಾರರು ಈ ಆಕರವನ್ನು ಉಪೇಕ್ಷಿಸಬಾರದು.

4. ಕಲಮುಗಳ ಹಿಂದಿನ ಕಾರಣ

ರಿಜಿಸ್ಟರಿನ ಪ್ರತಿಯೊಂದು ಕಲಮೂ ಕಚೇರಿಯ ಒಂದು ಅಗತ್ಯದಿಂದ ಹುಟ್ಟಿದ್ದು. ಆ ಅಗತ್ಯವನ್ನು ಅರಿಯದೆ ಕಲಮನ್ನು ಓದಿದರೆ ಅರ್ಥ ತಪ್ಪುವ ಸಂಭವವಿದೆ. ಐರಿಷ್ ಪಡೆಯ ರಿಜಿಸ್ಟರಿನಲ್ಲಿ ಪೇದೆಯ ಹುಟ್ಟಿದ ಕೌಂಟಿಯ ಜೊತೆಗೆ ಹೆಂಡತಿಯ ಕೌಂಟಿಯನ್ನೂ ಬರೆದಿದೆ. ವಂಶಾವಳಿ ಶೋಧಕರಿಗೆ ಇದು ದೊಡ್ಡ ವರ. ಆದರೆ ಕಚೇರಿ ಅದನ್ನು ಬರೆದದ್ದು ಅವಳ ಮೇಲಿನ ಗೌರವದಿಂದಲ್ಲ. ಪೇದೆಯು ತನ್ನ ಹುಟ್ಟೂರಿನ ಕೌಂಟಿಯಲ್ಲಾಗಲೀ ಹೆಂಡತಿಯ ತವರಿನ ಕೌಂಟಿಯಲ್ಲಾಗಲೀ ಸೇವೆ ಸಲ್ಲಿಸಕೂಡದೆಂಬ ನಿಯಮವಿತ್ತು. ಬಂಧುತ್ವದ ಬಲವನ್ನು ಕಂಡು ಅಂಜಿದ ಆಡಳಿತವು ಅದನ್ನು ಕತ್ತರಿಸುವುದಕ್ಕಾಗಿಯೇ ಬಂಧುತ್ವವನ್ನು ದಾಖಲಿಸಿತು. ಅದೇ ದಾಖಲೆ ಇಂದು ಮೊಮ್ಮಕ್ಕಳಿಗೆ ಬಂಧುತ್ವವನ್ನು ಮರಳಿ ಕೂಡಿಸಲು ಸಾಧನವಾಗಿದೆ.

ಪಿಂಚಣಿಯ ಕಾಗದಗಳಲ್ಲಿ ಎತ್ತರ, ಕೂದಲಿನ ಬಣ್ಣ, ಕಣ್ಣಿನ ಬಣ್ಣ, ಮೈಮೇಲಿನ ಗುರುತುಗಳು ಕಾಣಸಿಗುತ್ತವೆ. ಹಣ ಪಡೆಯಲು ಬಂದವನು ನಿಜವಾದ ಫಲಾನುಭವಿಯೇ ಎಂದು ಖಚಿತಪಡಿಸಿಕೊಳ್ಳಲು ಇಂಥ ವಿವರ ಬೇಕಾಗುತ್ತದೆ. ಭಾವಚಿತ್ರವಿಲ್ಲದ ಪೂರ್ವಜನ ರೂಪವನ್ನು ಕಾಣಲು ಕುಟುಂಬಕ್ಕೆ ಉಳಿದಿರುವ ಏಕೈಕ ದಾರಿ ಎಷ್ಟೋ ವೇಳೆ ಇದೇ. ಆದರೆ 1890ರ ಕಾಯಿದೆಯು 25 ವರ್ಷಗಳ ಸೇವೆಗೆ ಪಿಂಚಣಿಯನ್ನು ಹಕ್ಕಾಗಿ ಕೊಡುವವರೆಗೆ ಅದು ಅಧಿಕಾರಿಗಳ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಆದ್ದರಿಂದ ಪಿಂಚಣಿ ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಅಪಕೀರ್ತಿಯ ಪುರಾವೆಯಲ್ಲ.

ಇಲ್ಲದಿರುವಿಕೆಯನ್ನು ಓದುವ ಬಗೆಗೆ ಇನ್ನೊಂದು ನಿದರ್ಶನವನ್ನು ಕೊಡಬಹುದು. 1887ರವರೆಗೆ ಪೊಲೀಸರಿಗೆ ಸಂಸತ್ತಿನ ಚುನಾವಣೆಗಳಲ್ಲಿ ಮತಾಧಿಕಾರವಿರಲಿಲ್ಲ. ಅದಕ್ಕೆ ಹಿಂದಿನ ಮತದಾರರ ಪಟ್ಟಿಯಲ್ಲಿ ಪೂರ್ವಜನ ಹೆಸರು ಕಾಣದಿದ್ದರೆ ಅವನು ಆ ಊರಿನಲ್ಲಿರಲಿಲ್ಲವೆಂದಾಗಲೀ ದಟ್ಟ ದರಿದ್ರನಾಗಿದ್ದನೆಂದಾಗಲೀ ತಿಳಿಯುವಂತಿಲ್ಲ. ಹಾಗೆಯೇ ಅವಿವಾಹಿತ ಪೇದೆಗಳು 'ಸೆಕ್ಷನ್ ಹೌಸ್' ಎಂಬ ಸಾಮೂಹಿಕ ವಸತಿಗಳಲ್ಲಿರುತ್ತಿದ್ದರು. ಜನಗಣತಿಯಲ್ಲಿ ಅಂಥವರನ್ನು ತಂದೆತಾಯಿಯ ಮನೆಯಲ್ಲಿ ಹುಡುಕಿ ಫಲವಿಲ್ಲ.

5. ಐತಿಹ್ಯದ ಪರಿಶೀಲನೆ: ವೈಟ್‌ಚಾಪೆಲ್

ಲಂಡನ್ ಪೊಲೀಸ್ ಪೂರ್ವಜರನ್ನು ಕುರಿತು ಮನೆಗಳಲ್ಲಿ ಹೇಳಿಕೊಳ್ಳುವ ಐತಿಹ್ಯಗಳಲ್ಲಿ ಬಹು ಪ್ರಸಿದ್ಧವಾದ ಮಾದರಿಯೊಂದಿದೆ. ಪೂರ್ವಜನು 1888ರ ವೈಟ್‌ಚಾಪೆಲ್ ಕೊಲೆಗಳ ಕಾಲದಲ್ಲಿ 'ಜ್ಯಾಕ್ ದ ರಿಪ್ಪರ್' ಎಂಬ ಹಂತಕನ ಬೇಟೆಯಲ್ಲಿದ್ದನೆಂಬುದೇ ಅದರ ಆಶಯ. ಇದನ್ನು ಪರಿಶೀಲಿಸುವವರು ಮೊದಲು ವಿಭಾಗವನ್ನು ನೋಡುತ್ತಾರೆ. ಪೂರ್ವಜನು 'ಎಚ್' ವಿಭಾಗದಲ್ಲಿಲ್ಲವಾದರೆ ಕತೆಯನ್ನು ತಳ್ಳಿಹಾಕುತ್ತಾರೆ. ಈ ಕ್ರಮ ಸರಿಯಲ್ಲ. ಆಗಸ್ಟ್ 31ರಂದು ಬಕ್ಸ್ ರೋದಲ್ಲಿ ಮೇರಿ ಆನ್ ನಿಕೋಲ್ಸ್ ಅವರ ಶವವನ್ನು ಕಂಡ ಪೇದೆ ಜಾನ್ ನೀಲ್ 'ಜೆ' ವಿಭಾಗದವನು. ಸೆಪ್ಟೆಂಬರ್ 30ರಂದು ಮೈಟರ್ ಸ್ಕ್ವೇರ್‌ನಲ್ಲಿ ಕ್ಯಾಥರೀನ್ ಎಡೋಸ್ ಅವರ ಶವವನ್ನು ಕಂಡ ಎಡ್ವರ್ಡ್ ವಾಟ್ಕಿನ್ಸ್ ಸಿಟಿ ಪಡೆಯವನು. ಅದೇ ರಾತ್ರಿ ಗೌಲ್‌ಸ್ಟನ್ ಬೀದಿಯಲ್ಲಿ ಆಕೆಯ ಮೇಲುಡುಪಿನ ತುಂಡನ್ನು ಕಂಡವನು ಆಲ್‌ಫ್ರೆಡ್ ಲಾಂಗ್. ಅವನ ಸಂಖ್ಯೆ 254 'ಎ', ಎಂದರೆ ಬಹು ದೂರದ ವೆಸ್ಟ್‌ಮಿನ್‌ಸ್ಟರ್ ಭಾಗದ ವಿಭಾಗದ್ದು. ಆ ಶರತ್ಕಾಲದಲ್ಲಿ ಅನ್ಯ ವಿಭಾಗಗಳ ಪೇದೆಗಳನ್ನು ತಾತ್ಕಾಲಿಕವಾಗಿ ವೈಟ್‌ಚಾಪೆಲ್‌ಗೆ ಕಳುಹಿಸಲಾಗಿತ್ತು. ಕಾಯಂ ವಿಭಾಗವನ್ನು ಮಾತ್ರ ತೋರಿಸುವ ರಿಜಿಸ್ಟರಿನಿಂದ ಇಂಥ ತಾತ್ಕಾಲಿಕ ನಿಯೋಜನೆ ತಿಳಿಯುವುದಿಲ್ಲ. ದಾಖಲೆಯಲ್ಲಿ ಅಸಾಧ್ಯವೆಂದು ತೋರುವ ಮನೆಯ ಮಾತು ಹೀಗೆ ನಿಜವೂ ಆಗಿರಬಹುದು.

ಇದರ ವಿರುದ್ಧ ದಿಕ್ಕಿನ ಉದಾಹರಣೆಯಾಗಿ ಇನ್‌ಸ್ಪೆಕ್ಟರ್ ಫ್ರೆಡರಿಕ್ ಆಬರ್‌ಲೈನ್ ಅವರನ್ನು ನೋಡಬಹುದು. ಇವರ ಸೇವಾವಿವರವನ್ನು ದಾಖಲೆಗಳಿಂದ ವರ್ಷವಾರು ಜೋಡಿಸಲು ಸಾಧ್ಯವಾಗಿದೆ. 1843ರಲ್ಲಿ ಡಾರ್ಸೆಟ್ ಕೌಂಟಿಯ ಬ್ಲಾಂಡ್‌ಫರ್ಡ್‌ನಲ್ಲಿ ಜನನ. ಗಡಿಯಾರದ ಕೆಲಸ ಮಾಡಿಕೊಂಡಿದ್ದು, 1863ರ ಜನವರಿಯಲ್ಲಿ ಪಡೆಗೆ ಸೇರ್ಪಡೆ. ವಾರಂಟ್ ಸಂಖ್ಯೆ 43519. 1865ರಲ್ಲಿ ಸಾರ್ಜೆಂಟ್, 1873ರಲ್ಲಿ ಇನ್‌ಸ್ಪೆಕ್ಟರ್. ಅದೇ ವರ್ಷದಿಂದ 1887ರವರೆಗೆ ವೈಟ್‌ಚಾಪೆಲ್ ವಿಭಾಗದಲ್ಲಿ ಸೇವೆ, ಅನಂತರ ಕೇಂದ್ರ ಕಚೇರಿಗೆ ವರ್ಗ. 1890ರಲ್ಲಿ ಮುಖ್ಯ ಇನ್‌ಸ್ಪೆಕ್ಟರ್, 1892ರಲ್ಲಿ ನಿವೃತ್ತಿ, 1929ರಲ್ಲಿ ಬೋರ್ನ್‌ಮತ್‌ನಲ್ಲಿ ಮರಣ. 1888ರಲ್ಲಿ ಕೇಂದ್ರ ಕಚೇರಿಯು ಇವರನ್ನೇ ವೈಟ್‌ಚಾಪೆಲ್‌ಗೆ ಮರಳಿ ಏಕೆ ಕಳುಹಿಸಿತು ಎಂಬುದಕ್ಕೆ ಆ ಹದಿನಾಲ್ಕು ವರ್ಷಗಳೇ ಉತ್ತರ. ಅಲ್ಲಿನ ಬೀದಿಗಳನ್ನೂ ಜನರನ್ನೂ ಅವರು ಬಲ್ಲವರಾಗಿದ್ದರು.

ಜನಪ್ರಿಯ ಸಂಸ್ಕೃತಿಯು ಈ ಮನುಷ್ಯನನ್ನು ಬೇರೆಯಾಗಿಯೇ ಚಿತ್ರಿಸಿತು. 1988ರ ದೂರದರ್ಶನ ಧಾರಾವಾಹಿಯಲ್ಲಿ ಅವರು ಕುಡಿತದ ದಾಸ. 2001ರ 'ಫ್ರಮ್ ಹೆಲ್' ಚಲನಚಿತ್ರದಲ್ಲಿ ಅಫೀಮಿಗೆ ವಶನಾಗಿ ಅಕಾಲದಲ್ಲಿ ಸಾಯುವ ತರುಣ. ದಾಖಲೆಯ ಆಬರ್‌ಲೈನ್ ಇಪ್ಪತ್ತೊಂಬತ್ತು ವರ್ಷ ಸೇವೆ ಸಲ್ಲಿಸಿ ಎಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡವರು. ಹಂತಕನನ್ನು ಹಿಡಿಯಲಾಗದ ನಾಯಕನೊಳಗೆ ಒಂದು ದೋಷವಿರಲೇಬೇಕೆಂಬ ಕಥನ ನಿಯಮವು ಇಲ್ಲಿ ಕೆಲಸ ಮಾಡಿದೆ. ಇಂಥ ಸಂದರ್ಭದಲ್ಲಿ ಸೇವಾದಾಖಲೆಯು ಒಬ್ಬ ಮನುಷ್ಯನ ಮರ್ಯಾದೆಯನ್ನು ಕಾಪಾಡುವ ಸಾಧನವಾಗುತ್ತದೆ. ಸೂಕ್ಷ್ಮ ಸಂಗತಿಯೆಂದರೆ, ಚಿತ್ರದ ಆಬರ್‌ಲೈನ್‌ಗೆ ಅಂಟಿಸಿದ ಕುಡಿತದ ದೋಷವು ದಾಖಲೆಯಲ್ಲಿ ಕಾಣುವುದು ಪೇದೆ ಲಾಂಗ್‌ನ ಹೆಸರಿನಲ್ಲಿ. ಕರ್ತವ್ಯದ ವೇಳೆ ಕುಡಿದಿದ್ದನೆಂದು 1889ರಲ್ಲಿ ಅವನನ್ನು ವಜಾ ಮಾಡಲಾಯಿತು.

6. ದಾಖಲೆಯ ಮೌನ

ದಾಖಲೆ ಹೇಳುವುದು ಸತ್ಯವೇ ಆದರೂ ಅದು ಪೂರ್ಣ ಸತ್ಯವಲ್ಲ ಎಂಬುದಕ್ಕೆ ಪತ್ತೇದಾರಿ ಇನ್‌ಸ್ಪೆಕ್ಟರ್ ಜೊನಾಥನ್ ವಿಚರ್ ಅವರ ಪ್ರಕರಣ ಸಾಕ್ಷಿ. 1837ರಲ್ಲಿ ಪಡೆ ಸೇರಿದ ವಿಚರ್ 1842ರಲ್ಲಿ ಆರಂಭವಾದ ಪತ್ತೇದಾರಿ ಶಾಖೆಯ ಮೊದಲ ಎಂಟು ಮಂದಿಯಲ್ಲಿ ಒಬ್ಬರು. 1860ರಲ್ಲಿ ರೋಡ್ ಹಿಲ್ ಹೌಸ್ ಎಂಬ ಮನೆಯಲ್ಲಿ ನಡೆದ ಶಿಶುಹತ್ಯೆಯ ಸಂಬಂಧದಲ್ಲಿ ಅವರು ಮನೆಯ ಮಗಳು ಕಾನ್‌ಸ್ಟೆನ್ಸ್ ಕೆಂಟ್‌ಳನ್ನು ಬಂಧಿಸಿದರು. ಸಾಕ್ಷ್ಯ ಸಾಲದೆ ಆಕೆಯ ಬಿಡುಗಡೆಯಾಯಿತು. ಗೌರವಸ್ಥರ ಮನೆಯ ಹುಡುಗಿಯ ಮೇಲೆ ಕೆಳವರ್ಗದ ಪೊಲೀಸನೊಬ್ಬ ಕೈಮಾಡಿದನೆಂದು ಪತ್ರಿಕೆಗಳು ಹರಿಹಾಯ್ದವು. 1864ರಲ್ಲಿ ವಿಚರ್ ನಿವೃತ್ತರಾದರು. ಪಿಂಚಣಿಯ ಕಾಗದದಲ್ಲಿ ಕಾರಣವೆಂದು ಬರೆದಿರುವುದು ಮಿದುಳಿನಲ್ಲಿ ರಕ್ತ ಕಟ್ಟಿಕೊಂಡ ಕಾಯಿಲೆ. ಮರುವರ್ಷ, 1865ರಲ್ಲಿ, ಕಾನ್‌ಸ್ಟೆನ್ಸ್ ತಾನೇ ತಪ್ಪೊಪ್ಪಿಕೊಂಡಳು. ಕಾಗದದ ಆ ಒಂದು ಸಾಲಿನಲ್ಲಿ ನಾಲ್ಕು ವರ್ಷಗಳ ಅವಮಾನಕ್ಕೆ ಸ್ಥಳವಿಲ್ಲ, ಏಕೆಂದರೆ ಕಚೇರಿ ಕೇಳಿದ್ದು ಕಾಯಿಲೆಯ ಹೆಸರನ್ನು ಮಾತ್ರ. 'ಅನಾರೋಗ್ಯ', 'ಸ್ವಂತ ಇಚ್ಛೆ' ಎಂಬ ಸಿದ್ಧಪದಗಳನ್ನು ನಮ್ಮ ಕಾವ್ಯಗಳ ಸೂತ್ರಪದಗಳಂತೆಯೇ ಓದಬೇಕು. ಹೇಳುವುದಕ್ಕೆ ಎಷ್ಟೋ, ಹೇಳದೆ ದಾಟುವುದಕ್ಕೂ ಅವು ಅಷ್ಟೇ ಅನುಕೂಲ.

ಎರಡನೆಯ ಮೌನ ಇನ್ನೂ ವ್ಯಾಪಕವಾದದ್ದು. ಪೇದೆಯನ್ನು ಜನರು ಹೇಗೆ ಕಂಡರೆಂಬುದು ಸೇವಾದಾಖಲೆಯಲ್ಲಿಲ್ಲ, ಮನೆಯ ಐತಿಹ್ಯದಲ್ಲಿಯೂ ಸಾಮಾನ್ಯವಾಗಿ ಇಲ್ಲ. ಅದು ಉಳಿದಿರುವುದು ಬೀದಿಯ ನುಡಿಯಲ್ಲಿ. ರಾಬರ್ಟ್ ಪೀಲ್ ಅವರ ಹೆಸರಿನಿಂದ ಬಂದ 'ಪೀಲರ್', 'ಬಾಬಿ' ಎಂಬ ಪದಗಳು ಜಗತ್ಪ್ರಸಿದ್ಧ. ಲಂಡನ್ನಿನ ಬೀದಿ ವ್ಯಾಪಾರಿಗಳು ಪದಗಳನ್ನು ಹಿಂದುಮುಂದಾಗಿಸುವ ತಮ್ಮ ಗುಪ್ತನುಡಿಯಲ್ಲಿ 'ಪೊಲೀಸ್' ಎಂಬುದನ್ನು ತಿರುವಿ, ಅದನ್ನು 'ಸ್ಲಾಪ್' ಎಂದು ಮೊಟಕುಗೊಳಿಸಿದ್ದರು. ತಮ್ಮ ಗಾಡಿಗಳನ್ನು ಬೀದಿಯಿಂದ ಬೀದಿಗೆ ಅಟ್ಟುತ್ತಿದ್ದ ಪೇದೆಯ ಮೇಲೆ ಅವರಿಗಿದ್ದ ಹಗೆಯನ್ನು ಹೆನ್ರಿ ಮೇಹ್ಯೂ ಶತಮಾನದ ಮಧ್ಯಭಾಗದಲ್ಲಿ ವಿವರವಾಗಿ ದಾಖಲಿಸಿದ್ದಾನೆ. ವಿಕ್ಟೋರಿಯಾ ಪಟ್ಟಕ್ಕೆ ಬರುವುದಕ್ಕೆ ನಾಲ್ಕು ವರ್ಷ ಮೊದಲು, 1833ರ ಮೇ 13ರಂದು, ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ನಡೆದ ರಾಜಕೀಯ ಸಭೆಯನ್ನು ಚದುರಿಸುವಾಗ ಪೇದೆ ರಾಬರ್ಟ್ ಕಲ್ಲಿ ಇರಿತದಿಂದ ಸತ್ತನು. ಪಡೆಯ ಪಾಲಿಗೆ ಅವನು ಕರ್ತವ್ಯದಲ್ಲಿ ಮಡಿದವನು. ಸ್ಥಳೀಯರಿಂದ ಕೂಡಿದ ಮರಣವಿಚಾರಣೆಯ ಜ್ಯೂರಿಯಾದರೋ ಅದನ್ನು 'ಸಮರ್ಥನೀಯ ಹತ್ಯೆ' ಎಂದು ತೀರ್ಪಿತ್ತಿತು. ಆ ತೀರ್ಪು ಮುಂದೆ ರದ್ದಾಯಿತಾದರೂ ಜ್ಯೂರಿಯವರನ್ನು ಜನ ಸನ್ಮಾನಿಸಿದರು. ಕಲ್ಲಿಯಂಥ ಪೂರ್ವಜನ ಚರಿತ್ರೆ ಬರೆಯುವವರು ಪಡೆಯ ಮಾತನ್ನು ಮಾತ್ರ ಬರೆದರೆ ಅಥವಾ ಜನರ ಮಾತನ್ನು ಮಾತ್ರ ಬರೆದರೆ ಅರ್ಧವನ್ನಷ್ಟೇ ಬರೆದಂತಾಗುತ್ತದೆ.

7. ಭಾರತದಲ್ಲಿ ಸೇವೆ ಸಲ್ಲಿಸಿದವರು

ವಿಕ್ಟೋರಿಯಾ ಕಾಲದ ಪೊಲೀಸ್ ಪೂರ್ವಜನು ಭಾರತದಲ್ಲಿ ಅಧಿಕಾರಿಯಾಗಿದ್ದರೆ ಶೋಧದ ದಾರಿ ಬೇರೆ. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಪ್ರಾಂತವಾರು ಮುದ್ರಿತವಾದ ಸೇವಾಚರಿತ್ರೆಗಳೂ ಸಿವಿಲ್ ಲಿಸ್ಟುಗಳೂ ಇವೆ. ಚರ್ಚುಗಳಿಂದ ಕಳುಹಿಸಿದ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ವಿವರಗಳೂ ಅಲ್ಲಿವೆ. ಇಂದಿನ ಕರ್ನಾಟಕದ ಭಾಗಗಳಲ್ಲಿದ್ದ ಅಧಿಕಾರಿಯನ್ನು ಹುಡುಕುವವರು ಅಂದಿನ ಆಡಳಿತ ವಿಭಜನೆಯನ್ನು ನೆನಪಿಡಬೇಕು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸಿನ ಸಂಪುಟಗಳಲ್ಲಿ, ಧಾರವಾಡ, ಬೆಳಗಾವಿ ಹಾಗೂ 1862ರ ಅನಂತರದ ಉತ್ತರ ಕನ್ನಡ ಮುಂಬಯಿಯ ಸಂಪುಟಗಳಲ್ಲಿ ಸೇರುತ್ತವೆ. ಮೈಸೂರು ಮತ್ತು ಕೊಡಗುಗಳನ್ನು ಪ್ರತ್ಯೇಕವಾಗಿ ನೋಡಬೇಕು.

ಇಲ್ಲಿ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಲಂಡನ್ನಿನ ರಿಜಿಸ್ಟರಿನಲ್ಲಿ ಕೆಳಹಂತದ ಪೇದೆಗೂ ಒಂದು ಸಾಲು ಉಂಟು. ಭಾರತದ ಮುದ್ರಿತ ಸೇವಾಚರಿತ್ರೆಗಳಾದರೋ ಗೆಜೆಟೆಡ್ ಅಧಿಕಾರಿಗಳಿಗೆ ಮೀಸಲು. ಅವರ ಕೈಕೆಳಗೆ ದುಡಿದ ಭಾರತೀಯ ಪೇದೆಗಳಿಗೆ ಆ ಪುಟಗಳಲ್ಲಿ ಸ್ಥಳವಿರಲಿಲ್ಲ. ಆದ್ದರಿಂದ ಇಲ್ಲಿನ ಪೇದೆ ಪೂರ್ವಜನ ವಿಷಯದಲ್ಲಿ ಮನೆಯ ಮಾತಿಗೆ ಲಂಡನ್ನಿನಲ್ಲಿರುವುದಕ್ಕಿಂತ ಹೆಚ್ಚಿನ ಭಾರವಿದೆ. ಅದನ್ನು ಹೇಳಬಲ್ಲ ಹಿರಿಯರು ಇರುವಾಗಲೇ, ಹೇಳಿದವರ ಹೆಸರು, ವಯಸ್ಸು, ಅವರು ಯಾರಿಂದ ಕೇಳಿದರೆಂಬ ವಿವರಗಳೊಡನೆ ದಾಖಲಿಸಿಕೊಳ್ಳುವುದು ತುರ್ತಾಗಿ ಆಗಬೇಕಾದ ಕ್ಷೇತ್ರಕಾರ್ಯ.

8. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ವಿಧಾನದ ಸೂಚನೆಗಳು ದೊರೆಯುತ್ತವೆ. ಮನೆಯ ಐತಿಹ್ಯವನ್ನು ದಾಖಲೆ ನೋಡುವುದಕ್ಕೆ ಮೊದಲೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ದಾಖಲೆ ತಿಳಿದ ಮೇಲೆ ಹೇಳುವವರು ಅದಕ್ಕೆ ತಕ್ಕಂತೆ ಮಾತನ್ನು ತಿದ್ದಿಕೊಳ್ಳುವುದು ಸಹಜ. ದಾಖಲೆಯ ಪ್ರತಿ ಕಲಮಿನ ಮುಂದೆ, ಇದನ್ನು ಕಚೇರಿ ಏಕೆ ಕೇಳಿತು ಎಂಬ ಪ್ರಶ್ನೆಯನ್ನಿಡಬೇಕು. ಹೆಸರು ಇಲ್ಲದ ಕಡೆ, ಇರಬೇಕಾಗಿತ್ತೇ ಎಂದು ಕೇಳಬೇಕು. ಎರಡೂ ಆಕರಗಳು ಭಿನ್ನವಾದಾಗ ಒಂದನ್ನು ಅಳಿಸದೆ ಎರಡನ್ನೂ ಅಕ್ಕಪಕ್ಕದಲ್ಲಿ ಪ್ರಕಟಿಸಬೇಕು. ವಜಾಗೊಂಡ ಪೇದೆಯನ್ನು ಮೊಮ್ಮಕ್ಕಳು ವೀರನೆಂದು ನೆನೆದಿದ್ದರೆ, ವಜಾ ಆದದ್ದು ಅವನ ಸೇವೆಯ ಸಂಗತಿ. ವೀರನಾದದ್ದು ಅವನ ಮನೆಯವರು ಆ ನಷ್ಟವನ್ನು ದಾಟಿ ಬದುಕಿದ ರೀತಿಯ ಸಂಗತಿ. ಜಾನಪದ ಅಧ್ಯಯನಕ್ಕೆ ಇವೆರಡೂ ಬೇಕು.